ಐದು ಕೋಣೆಗೂ ಒಂದೇ ಗಾಳಿ

ಮಾರ್ಚ್ 4

ಅಳತೆಗಾರರ ಕುಲತಿಲಕರೂ, ಅಕ್ಕನ ಮಗಳನ್ನು ಮುದ್ದಿನಿಂದ ತಲೆಯ ಮೇಲೆ ಕೂರಿಸಿಕೊಂಡ ಖ್ಯಾತಿವಂತರೂ, ಸದ್ಯಕ್ಕೆ ಬಲಮೊಣಕಾಲಿನಿಂದ ಪೀಡಿತರೂ ಆದ ಮಾವನವರ ಸನ್ನಿಧಾನಕ್ಕೆ,

ನಿಮ್ಮ ಕಾಗದ ಬಂದು ಏಳು ವಾರವಾಯಿತು. ಇಷ್ಟು ದಿನ ಉತ್ತರ ಬರೆಯದಿದ್ದುದಕ್ಕೆ ನನ್ನ ಬಳಿ ಮೂರು ಕಾರಣಗಳಿವೆ, ಮೂರೂ ಸುಳ್ಳು, ಹಾಗಾಗಿ ಹೇಳುವುದಿಲ್ಲ. ಧಾರಾಳವಾಗಿ ಬೈಯಿರಿ. ಆದರೆ ಕೂತು ಬೈಯಿರಿ, ನಿಂತು ಬೈದರೆ ಮೊಣಕಾಲಿಗೆ ಆಗದು. ಅತ್ತೆಯ ಕಣ್ಣಿನ ಪೊರೆ ತೆಗೆದದ್ದು ಸಲೀಸಾಯಿತೆಂದು ಅಮ್ಮ ಹೇಳಿದಳು. ಇಷ್ಟು ವರ್ಷದ ಮೇಲೆ ನೀವು ಅವರಿಗೆ ಸ್ಪಷ್ಟವಾಗಿ ಕಾಣಿಸುತ್ತಿದ್ದೀರಿ. ಇದರಿಂದ ಅವರಿಗೆ ಆದದ್ದು ಸಂತೋಷವೋ ಆಘಾತವೋ ಕೇಳಿ ತಿಳಿಸುವುದು.

ಈಗ ಸಿಟ್ಟಿನ ವಿಚಾರ. ನನಗೆ ಬಹಳ ಸಿಟ್ಟು ಬಂದಿದೆ ಮಾವ. ನಿಮಗಲ್ಲದೆ ಬೇರೆ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ಹೋದ ತಿಂಗಳು ಪ್ರಯೋಗಾಲಯದವರು ನನ್ನನ್ನು ಒಂದು ಶಾಲೆಯ ಗಾಳಿ ಅಳೆಯಲು ಕಳಿಸಿದರು. ಎರಡು ಮಹಡಿ, ಕೆಳಗೊಂದು ನೆಲಮಾಳಿಗೆ. ಮುಖ್ಯೋಪಾಧ್ಯಾಯರಿಗೆ ದೊಡ್ಡ ಮೀಸೆ, ಅದರ ಹಿಂದೆ ಎಲ್ಲೋ ಅವರು. ಅವರೆದುರು ನಿಂತು ನೀವು ಕಲಿಸಿದ ಭಾಷಣವನ್ನೇ ಒಪ್ಪಿಸಿದೆ: ನೆಲದಡಿಯ ಬಂಡೆಯಲ್ಲಿ ಯುರೇನಿಯಂ ಇರುತ್ತದೆ, ಅದು ಕ್ಷಯಿಸುತ್ತಾ ಕ್ಷಯಿಸುತ್ತಾ ರೇಡಾನ್ ಎಂಬ ಅನಿಲ ಹುಟ್ಟುತ್ತದೆ, ಅದು ನೆಲದ ಬಿರುಕಿನಿಂದ, ಕೊಳಾಯಿಯ ಸಂದಿನಿಂದ ಮೇಲೆ ಬಂದು ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ, ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶಕ್ಕೆ ಕ್ಯಾನ್ಸರ್ ತರಬಲ್ಲದು, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ.

"ಕಾಣಲ್ಲ, ಕೇಳಲ್ಲ, ಆದ್ರೆ ಪ್ರಾಣ ತೆಗೆಯುತ್ತೆ ಅಂತೀರಿ. ನಮ್ಮ ಆಡಳಿತ ಮಂಡಳಿ ಥರಾನೇ ಆಯ್ತಲ್ಲ," ಎಂದರು. ಆ ಕ್ಷಣ ಅವರ ಮೇಲೆ ನನಗೆ ಪ್ರೀತಿಯೇ ಹುಟ್ಟಿತ್ತು. ಆಮೇಲೆ ಇಳಿಯಿತು.

ರೇಡಾನ್ ಹೀರಿಕೊಳ್ಳುವ ಇದ್ದಿಲಿನ ಡಬ್ಬಿಗಳನ್ನು ಐದು ಕೋಣೆಯಲ್ಲಿ ಇಟ್ಟೆ: ಆಫೀಸು, ಶಿಕ್ಷಕರ ಕೋಣೆ, ಪ್ರಯೋಗಶಾಲೆ, ಉಗ್ರಾಣ, ಮತ್ತು ನೆಲಮಾಳಿಗೆಯ ಹೊಲಿಗೆ ಕೋಣೆ. "ಕೂತವರ ಮೂಗಿನ ಎತ್ತರಕ್ಕೆ, ಗೋಡೆಗೆ ತಾಗದ ಹಾಗೆ, ಕಿಟಕಿಯಿಂದ ದೂರ." ನಿಮ್ಮ ಮಂತ್ರ ಜಪಿಸಿಕೊಂಡೇ ಇಟ್ಟೆ. ನಾಲ್ಕು ದಿನ ಕಿಟಕಿ ಬಾಗಿಲು ಮುಚ್ಚಿರಬೇಕು, ಓಡಾಡುವಾಗ ತೆರೆದರೂ ತಕ್ಷಣ ಹಾಕಬೇಕು ಎಂದು ಮೂರು ಸಲ ಹೇಳಿದೆ. ಮರುದಿನ ಹೋಗಿ ನೋಡಿದರೆ ಎಲ್ಲಾ ಕಿಟಕಿ ಹಾರುಹೊಡೆದಿವೆ! ಫ್ಯಾನುಗಳು ಗಿರಗಿರ! ನೆಲ ತೊಳೆದು ಫಳಫಳ! ಡಬ್ಬಿಗಳನ್ನು ಒರೆಸಿ ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿದ್ದಾರೆ!

"ಏನ್ ಸಾರ್ ಇದು?"

"ಪರೀಕ್ಷೆ ಅಂದ್ಮೇಲೆ ತಯಾರಿ ಬೇಡ್ವೇನಮ್ಮ? ನಾವು ಮೇಷ್ಟ್ರುಗಳು. ನಮ್ಮ ಶಾಲೆ ಇವತ್ತಿನವರೆಗೂ ಯಾವ ಪರೀಕ್ಷೇಲೂ ಫೇಲ್ ಆಗಿಲ್ಲ."

ಮೊದಲ ಸುತ್ತು ಹಾಳಾಯಿತು. ಎರಡನೇ ಸುತ್ತಿಗೆ ಕಿಟಕಿಗಳಿಗೆಲ್ಲ ಕಾಗದದ ಪಟ್ಟಿ ಅಂಟಿಸಿ ಬರೆದೆ: "ಇದನ್ನು ಹರಿದವರ ಮೀಸೆ ಮೂರು ದಿನದೊಳಗೆ ಉದುರತಕ್ಕದ್ದು. ಅಪ್ಪಣೆ ಮೇರೆಗೆ." ಯಾರ ಅಪ್ಪಣೆ ಎಂದು ಯಾರೂ ಕೇಳಲಿಲ್ಲ. ಒಂದು ಪಟ್ಟಿಯೂ ಹರಿಯಲಿಲ್ಲ.

ಹೊಲಿಗೆ ಕೋಣೆಯ ಬಗ್ಗೆ ಹೇಳಬೇಕು. ಹನ್ನೆರಡು ಮೆಟ್ಟಿಲು ಇಳಿಯಬೇಕು. ಒಂಬತ್ತು ಹೊಲಿಗೆ ಯಂತ್ರ, ಒಂದು ಉದ್ದ ಮೇಜು, ಸೂರಿನ ಹತ್ತಿರ ಅಂಗೈಯಗಲದ ಎರಡು ಗಾಳಿಕಿಂಡಿ. ಅಲ್ಲಿನ ಹೊಲಿಗೆ ಟೀಚರು ಇಪ್ಪತ್ತೆರಡು ವರ್ಷದಿಂದ ಆ ಕೋಣೆಯಲ್ಲೇ ಇದ್ದಾರೆ. ಬಾಯಲ್ಲಿ ಸದಾ ನಾಲ್ಕು ಗುಂಡುಪಿನ್ನು, ಆ ಪಿನ್ನುಗಳ ನಡುವಿನಿಂದಲೇ ಮಾತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಅಂಗಿ ತೋಳು ಒಂದು ಉದ್ದ ಒಂದು ಗಿಡ್ಡ. ಯಾವ ಪುಣ್ಯಾತ್ಮ ಹೊಲಿದದ್ದು? ಬಿಚ್ಚಿ ಕೊಡು, ಈ ಅಕ್ರಮ ನೋಡ್ಕೊಂಡು ಕೂತಿರೋಕೆ ನನ್ನಿಂದಾಗಲ್ಲ," ಎಂದರು. ನನ್ನ ಕೋಟು ಹಾಕಿಕೊಂಡು ಕೂತೆ, ಅವರು ತೋಳು ಸರಿಮಾಡಿದರು. ನಡುನಡುವೆ ಕೆಮ್ಮುತ್ತಿದ್ದರು. "ನೂಲಿನ ಧೂಳು," ಎಂದರು, ನಾನು ಕೇಳದಿದ್ದರೂ.

ಫಲಿತಾಂಶ ಬಂತು. ಘನ ಮೀಟರಿಗೆ ಬೆಕೆರೆಲ್ ಲೆಕ್ಕದಲ್ಲಿ ಆಫೀಸು 44. ಶಿಕ್ಷಕರ ಕೋಣೆ 71. ಪ್ರಯೋಗಶಾಲೆ 96. ಉಗ್ರಾಣ 130. ಹೊಲಿಗೆ ಕೋಣೆ 1,140. ಮುನ್ನೂರು ದಾಟಿದರೆ ದುರಸ್ತಿಯಾಗಲೇಬೇಕು, ಇದು ಸಾವಿರ ದಾಟಿದೆ.

ಮುಖ್ಯೋಪಾಧ್ಯಾಯರು ಗಾಬರಿಯಾಗುತ್ತಾರೆಂದುಕೊಂಡಿದ್ದೆ. ಅವರು ಬೀರು ತೆಗೆದು ಹಳದಿ ಬಣ್ಣಕ್ಕೆ ತಿರುಗಿದ ಒಂದು ವರದಿ ತೆಗೆದರು. ಆರು ವರ್ಷದ ಹಿಂದಿನದು, ನಮ್ಮದೇ ಪ್ರಯೋಗಾಲಯದ ಮೊಹರು. ಹೊಲಿಗೆ ಕೋಣೆ: 41.

"ನೋಡಿ. ಆಗ ಕೋಣೆ ಸರಿಯಾಗೇ ಇತ್ತು. ಈ ಯಮ್ಮ ಗಾಳಿಕಿಂಡಿಗೆ ಚಿಂದಿ ಬಟ್ಟೆ ತುರುಕಿ ಕೆಡಿಸಿಟ್ಟಿದಾರೆ. ಎಷ್ಟು ಸಲ ಹೇಳಿದೀನಿ. ಮಂಡಳಿಗೆ ಹಾಗೇ ಬರೀತೀನಿ."

ಕಿಂಡಿಗೆ ಅವರು ಚಿಂದಿ ತುರುಕಿದ್ದು ನಿಜ, ಬಟ್ಟೆಯ ಮೇಲೆ ರಸ್ತೆಯ ಮಸಿ ಬೀಳಬಾರದೆಂದು. ಆದರೆ ಎರಡು ಅಂಗೈಯಷ್ಟು ಚಿಂದಿಯಿಂದ 41 ಇದ್ದದ್ದು 1,140 ಆಗುತ್ತದೆಯೇ ಮಾವ? ಮನೆಗೆ ಬಂದು ಹಳೆಯ ಅಂಕಿಗಳನ್ನು ಇನ್ನೊಮ್ಮೆ ನೋಡಿದೆ. 41, 42, 40, 42, 41. ಐದು ಕೋಣೆ, ಬೇರೆ ಬೇರೆ ಮಹಡಿ, ಬೇರೆ ಬೇರೆ ಗಾಳಿ. ಐದೂ ಹೀಗೆ ಅವಳಿಜವಳಿಯ ಹಾಗೆ ಬರಬೇಕಾದರೆ ಒಂದೇ ದಾರಿ. ಐದೂ ಡಬ್ಬಿ ಒಂದೇ ಕಡೆ ಕೂತಿದ್ದವು! ಯಾವನೋ ಮಹಾನುಭಾವ ಮೆಟ್ಟಿಲಿಳಿಯುವ ಶ್ರಮ ತೆಗೆದುಕೊಳ್ಳಲಿಲ್ಲ!

ಆಗ ನೀವೆಲ್ಲ ನಾಲ್ಕು ಜನ ಪರೀಕ್ಷಕರಿದ್ದಿರಿ. ಆ ಶಾಲೆಗೆ ಹೋದ ಕತ್ತೆ ಯಾವುದು? ನಿಮಗೆ ನೆನಪಿದ್ದರೆ ಬೇಗ ಬರೆಯಿರಿ.

ಅತ್ತೆಗೆ ನನ್ನ ನಮಸ್ಕಾರ, ನಿಮ್ಮ ಮೊಣಕಾಲಿಗೆ ಸಾಂತ್ವನ.

ನಿಮ್ಮ ತಾಲೀಮಿನಲ್ಲಿ ಹೀಗಾದ,
ತರಲೆ


ಮಾರ್ಚ್ 23

ಹದಿನಾಲ್ಕು ಸಾಲಿನ ಕಾಗದದಲ್ಲಿ ಹನ್ನೆರಡನ್ನು ಮೊಣಕಾಲಿಗೆ ಮೀಸಲಿಟ್ಟ ಮಹನೀಯರಿಗೆ,

ನಿಮ್ಮ ಉತ್ತರ ತಲುಪಿತು. ಈ ಸಲ ನಾನು ತಡಮಾಡಿಲ್ಲ, ಅದಕ್ಕೊಂದು ಪದಕ ಕಳಿಸಿ. ಎಣ್ಣೆ ಬದಲಾಯಿಸಿದ್ದು, ವೈದ್ಯರು ಬದಲಾದದ್ದು, ನೀವು ಮಾತ್ರ ಬದಲಾಗದೆ ಇರುವುದು ಎಲ್ಲ ತಿಳಿಯಿತು. ಉಳಿದ ಎರಡು ಸಾಲು ಓದಿ ಲಕೋಟೆ ತಿರುಗಿಸಿ ನೋಡಿದೆ, ಬೇರೆ ಯಾರದೋ ಕಾಗದ ನನಗೆ ಬಂದಿದೆಯೋ ಎಂದು. "ಹಳೇ ಕಡತ ಕೆದಕಬೇಡ, ಧೂಳು ಬಿಟ್ಟು ಏನೂ ಸಿಗಲ್ಲ. ಹೊಸ ಅಂಕಿ ಬಂದಿದೆಯಲ್ಲ, ಬರೆದು ಮುಗಿಸು."

ಮಾವ, ಒಂದು ಡಬ್ಬಿಯ ಮುಚ್ಚಳ ಸಡಿಲವಿತ್ತೆಂದು ಒಬ್ಬ ವಿಧವೆಯ ಮನೆಗೆ ಮೂರನೇ ಸಲ ಹೋದವರು ನೀವು. ನಾನು ಹನ್ನೊಂದು ವರ್ಷದವಳು, ಸ್ಕೂಟರಿನ ಹಿಂದೆ ಕೂತು ಗೊಣಗುತ್ತಿದ್ದೆ. "ತಪ್ಪು ಅಂಕಿಗಿಂತ ಅಂಕಿ ಇಲ್ಲದಿರೋದೇ ವಾಸಿ ಕಣೇ. ಇಲ್ಲದಿದ್ರೆ ಜನ ಹುಷಾರಾಗಿರ್ತಾರೆ," ಎಂದಿದ್ದಿರಿ. ಈಗ ಮೊಣಕಾಲಿನ ಜೊತೆಗೆ ನಾಲಿಗೆಯೂ ಹಿಡಿದುಕೊಂಡಿತೇ?

ಕೆದಕದೇ ಇರಲು ಆಗುವುದಿಲ್ಲ. ಯಾಕೆಂದರೆ ಹೊಲಿಗೆ ಟೀಚರಿಗೆ ಕೆಮ್ಮು ಹೆಚ್ಚಾಗಿ ಎದೆಯ ಸ್ಕ್ಯಾನ್ ಮಾಡಿಸಿದರು. ಎಡ ಶ್ವಾಸಕೋಶದಲ್ಲಿ ಗಂಟು ಇದೆ. ಕೆಟ್ಟ ಗಂಟು. ವೈದ್ಯರು ಮೊದಲು ಕೇಳಿದ ಪ್ರಶ್ನೆ, ದಿನಕ್ಕೆ ಎಷ್ಟು ಸಿಗರೇಟು ಸೇದುತ್ತೀರಿ ಅಂತ.

"ಏನ್ ಹೇಳಿದ್ರಿ?" ಅಂದೆ.

"ಡಾಕ್ಟ್ರೇ, ಈ ಬಾಯಲ್ಲಿ ಗುಂಡುಪಿನ್ನು ಬಿಟ್ರೆ ಬೇರೇನೂ ಇಟ್ಟಿಲ್ಲ, ಬೇಕಾದ್ರೆ ಗಂಟಲಲ್ಲಿ ಪಿನ್ನು ಹುಡುಕಿ ಅಂದೆ. ನಗಲಿಲ್ಲ ಆ ಮನುಷ್ಯ. ಓದಿದವರಿಗೆ ಯಾಕೋ ನಗು ಕಡಿಮೆ."

ಗಂಟು ಬಂದದ್ದು ಆ ಕೋಣೆಯಿಂದಲೇ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು, ನನಗೆ ಗೊತ್ತು. ನೀವೇ ಕಲಿಸಿದ್ದು. ಆದರೆ ಅವರು ಏನೆಂದುಕೊಂಡಿದ್ದಾರೆ ಗೊತ್ತೇ? ತಾವೇ ತಂದುಕೊಂಡದ್ದು ಎಂದು! ಮುಖ್ಯೋಪಾಧ್ಯಾಯರು ಮಂಡಳಿಗೆ ಬರೆದೇಬಿಟ್ಟಿದ್ದಾರೆ: "ಸದರಿ ಶಿಕ್ಷಕಿಯು ಗಾಳಿಕಿಂಡಿಗಳನ್ನು ಮುಚ್ಚಿದ್ದರಿಂದ ಕೋಣೆಯ ಸ್ಥಿತಿ ಹದಗೆಟ್ಟಿದೆ. ಆರು ವರ್ಷದ ಹಿಂದಿನ ವರದಿಯೇ ಸಾಕ್ಷಿ." ಅದರ ಪ್ರತಿಯನ್ನು ಅವರ ಕೈಗೇ ಕೊಟ್ಟು ಸಹಿ ಹಾಕಿಸಿಕೊಂಡಿದ್ದಾರೆ. ಅವರು ಹಾಕಿಯೂ ಬಿಟ್ಟಿದ್ದಾರೆ.

"ನಾನೇ ಅಲ್ವೇನಮ್ಮ ತುರುಕಿದ್ದು?" ಎಂದರು. "ನಂದಷ್ಟೇ ಆಗಿದ್ರೆ ಹೋಗ್ಲಿ ಅನ್ಬೋದಿತ್ತು. ಇಪ್ಪತ್ತೆರಡು ವರ್ಷದಿಂದ ಬಂದ ಮಕ್ಕಳನ್ನೆಲ್ಲ ಈ ಗೂಡಲ್ಲಿ ಕೂರಿಸಿ ಕಿಂಡಿ ಮುಚ್ಚಿದೆನಲ್ಲ. ಬಿಳೀ ಬಟ್ಟೆ ಕೊಳೆ ಆಗಬಾರದು ಅಂತ."

ನನಗೆ ಆ ಮೀಸೆಯನ್ನು ಒಂದೊಂದೇ ಎಳೆಯಾಗಿ ಕೀಳಬೇಕೆನ್ನಿಸಿತು. ಕೀಳಲಿಲ್ಲ. ಅದರ ಬದಲು ಕೇಳಿದೆ, "ಟೀಚರ್, ಆರು ವರ್ಷದ ಹಿಂದೆ, ಫೆಬ್ರವರಿ ಹತ್ತೊಂಬತ್ತಕ್ಕೆ, ಈ ಕೋಣೆಗೆ ಯಾರಾದ್ರೂ ಡಬ್ಬಿ ತಂದಿಟ್ಟಿದ್ರಾ?"

ಕತ್ತರಿ ನಿಂತಿತು. "ಹತ್ತೊಂಬತ್ತಕ್ಕೆ? ನನ್ನ ಮೊಮ್ಮಗಳು ಹುಟ್ಟಿದ ದಿನ ಕಣೇ ಅದು. ನಾನಿಲ್ಲಿ ಎಲ್ಲಿದ್ದೆ? ಮಗಳ ಹೆರಿಗೆಗೆ ಅಂತ ಹನ್ನೆರಡು ದಿನ ರಜೆ ಹಾಕಿ ಊರಿಗೇ ಹೋಗಿದ್ದೆ."

"ಕೋಣೆ?"

"ಬೀಗ. ಬೀಗದ ಕೈ ನನ್ನ ಚೀಲದಲ್ಲೇ ಬಂದ್ಬಿಟ್ಟಿತ್ತು. ಇನ್ನೊಂದು ಕೈ ಇಲ್ಲವೇ ಇಲ್ಲ. ವಾಪಸ್ ಬಂದಾಗ ಬೈಸಿಕೊಂಡಿದೀನಿ."

ಆಯಿತಲ್ಲ ಮಾವ! ಹತ್ತೊಂಬತ್ತಕ್ಕೆ ಇಟ್ಟು ಇಪ್ಪತ್ತಮೂರಕ್ಕೆ ತೆಗೆದದ್ದೆಂದು ವರದಿ ಹೇಳುತ್ತದೆ. ಆ ದಿನಗಳಲ್ಲಿ ಆ ಕೋಣೆಯೊಳಗೆ ಇಲಿ ಬಿಟ್ಟರೆ ಯಾರೂ ಹೋಗಿಲ್ಲ. ಸರಿ, ಒಂದು ಕೋಣೆಗೆ ಬೀಗ. ಉಳಿದ ನಾಲ್ಕಕ್ಕೆ ಏನು ರೋಗ? ತೆರೆದ ಕೋಣೆಗಳಿಗೂ ಹೋಗಲಿಲ್ಲವಲ್ಲ ಆ ಸೋಮಾರಿ! ಆ ದಿನ ನಿಜವಾದ ಅಂಕಿ ಬಂದಿದ್ದರೆ ಆರು ವರ್ಷದ ಹಿಂದೆಯೇ ಯಂತ್ರಗಳು ಮೇಲಿನ ಮಹಡಿಗೆ ಹೋಗುತ್ತಿದ್ದವು. ಆರು ವರ್ಷ, ವಾರಕ್ಕೆ ಐದು ದಿನ, ದಿನಕ್ಕೆ ಏಳು ತಾಸು ಆ ಹೆಂಗಸು ಆ ಗಾಳಿ ಕುಡಿದಿದ್ದಾರೆ. ಈಗ ಕ್ಷಮೆ ಕೇಳುತ್ತಿರುವವರೂ ಅವರೇ.

ನನ್ನ ವರದಿಯಲ್ಲಿ ಹಳೆಯ ಪರೀಕ್ಷೆ ಅಸಿಂಧು ಎಂದು ಬರೆಯಬೇಕು. ಹಾಗೆ ಬರೆದರೆ ಮಾತ್ರ ಅವರ ತಲೆಯಿಂದ ಈ ಅಪವಾದ ಇಳಿಯುತ್ತದೆ. ಅದಕ್ಕೆ ಡಬ್ಬಿ ಇಟ್ಟವರು ಸ್ಥಳದಲ್ಲೇ ತುಂಬಿದ ಹಾಳೆ ಬೇಕು. ಅದು ನಮ್ಮ ಉಗ್ರಾಣದ ಯಾವುದೋ ಪೆಟ್ಟಿಗೆಯಲ್ಲಿದೆ. ಹಾಳೆ ಸಿಗುವ ಮುಂಚೆಯೇ ಅಪರಾಧಿ ಯಾರೆಂದು ನನಗೆ ಗೊತ್ತಾಗಿದೆ. ನೀವೇ ಹೆಸರಿಟ್ಟ ಆಮೆ! ಒಂದು ಮುಚ್ಚಳ ತಿರುಗಿಸಲು ಅರ್ಧ ಗಂಟೆ ತೆಗೆದುಕೊಳ್ಳುವವರು ಐದು ಕೋಣೆಗೆ ಯಾವ ಕಾಲಕ್ಕೆ ಹೋದಾರು? ನಿಮ್ಮ ನಾಲ್ವರಲ್ಲಿ ಈಗಲೂ ಕೆಲಸದಲ್ಲಿರುವವರು ಅವರೊಬ್ಬರೇ. ನಾನು ಕೇಳಿದರೆ "ನೆನಪಿಲ್ಲಮ್ಮ" ಎಂದು ಕನ್ನಡಕ ಒರೆಸತೊಡಗಿದರು. ಕಳ್ಳನ ಲಕ್ಷಣ.

ಹಾಗಾಗಿ ಅವರಿಗೊಂದು ಬಿನ್ನವತ್ತಳೆ ಬರೆದು ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ. ನಿಮ್ಮ ಅವಗಾಹನೆಗೆ:

"ಬೀಗ ಹಾಕಿದ ಕೋಣೆಯ ಗಾಳಿಯನ್ನು ಬೀಗ ತೆರೆಯದೆ ಅಳೆದ ಮಹಾಯೋಗಿಗಳೇ! ಒಂದೇ ಮೂಲೆಯಲ್ಲಿ ಐದು ಕೋಣೆಗಳನ್ನು ಸ್ಥಾಪಿಸಿದ ವಿಶ್ವಕರ್ಮರೇ! ಮೆಟ್ಟಿಲಿಳಿಯುವುದು ದೇಹಧರ್ಮ, ಇಳಿಯದೆ ಬರೆಯುವುದು ಆತ್ಮಧರ್ಮ ಎಂದು ಸಾರಿದ ತಮಗೆ ಈ ಪ್ರಯೋಗಾಲಯವು ಚಿರಋಣಿ."

ಎಲ್ಲರೂ ನಿಂತು ಓದುತ್ತಿದ್ದಾರೆ. ನನಗೆ ಮಾತ್ರ ನಗು ಬರುತ್ತಿಲ್ಲ.

ಅತ್ತೆ ಹೊಸ ಕಣ್ಣಿನಿಂದ ನನ್ನ ಅಕ್ಷರ ಓದಿ ಬೈದರೆ, ಬೈಗುಳವನ್ನು ಯಥಾವತ್ತಾಗಿ ಬರೆದು ಕಳಿಸಿ. ನೀವೂ ಮೊಣಕಾಲು ಬಿಟ್ಟು ಬೇರೆ ಏನಾದರೂ ಬರೆಯಿರಿ.

ಹಲ್ಲು ಕಡಿಯುತ್ತಾ,
ತರಲೆ


ಏಪ್ರಿಲ್ 8

ಮಾವ,

ಹದಿನಾರು ದಿನ ತಡವಾಯಿತು. ನಾಲ್ಕು ಸಲ ಬರೆಯಲು ಕೂತೆ. ನೀವೂ ಬರೆಯಲಿಲ್ಲ, ನಾನು ದಿನಾ ಅಂಚೆಪೆಟ್ಟಿಗೆ ನೋಡಿದೆ.

ಬಿನ್ನವತ್ತಳೆ ಎರಡು ದಿನ ಫಲಕದ ಮೇಲಿತ್ತು. ಆಮೆಯವರು ಎರಡೂ ದಿನ ಅದರ ಮುಂದೆಯೇ ಹಾದು ಹೋದರು. ಮೊದಲ ದಿನ ನಿಂತು ಪೂರ್ತಿ ಓದಿದರು, ಅವರ ವೇಗದಲ್ಲಿ. ಲೆಕ್ಕದ ವಿಭಾಗದವನೊಬ್ಬ "ಏನ್ ಯೋಗಿಗಳೇ, ಯಾವಾಗ ಆಶ್ರಮ ಶುರು?" ಎಂದು ಕೆಣಕಿದ. ಸುಮ್ಮನೆ ನಕ್ಕರು. ಮೂರನೇ ದಿನ ಮಧ್ಯಾಹ್ನ ಮೈಯೆಲ್ಲ ಧೂಳು ಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಒಂದು ಹಾಳೆ. ಅದನ್ನು ಬೋರಲಾಗಿ ಇಟ್ಟು ಮೇಲೆ ಅಂಗೈ ಊರಿದರು.

"ನೀನು ಕೇಳಿದ್ದು. ಪೆಟ್ಟಿಗೆ ನಂಬರ್ ನನಗೆ ಮೊದಲೇ ಗೊತ್ತಿತ್ತಮ್ಮ. ಮನೆಗೆ ಹೋಗಿ ಓದು, ಇಲ್ಲಿ ಬೇಡ."

"ನಿಮ್ದೇ ಅಂತ ಒಪ್ಕೋತೀರಾ?"

"ಓದಮ್ಮ," ಎಂದಷ್ಟೇ ಹೇಳಿ ತಮ್ಮ ಕುರ್ಚಿಗೆ ಹೋಗಿ ಒಂದು ಮುಚ್ಚಳ ತಿರುಗಿಸತೊಡಗಿದರು.

ನಾನು ಮನೆಯವರೆಗೆ ಕಾಯುವವಳೇ? ಅಲ್ಲೇ ತಿರುಗಿಸಿದೆ. ಆಮೇಲೆ ಎದ್ದು ಹೋಗಿ ಬಿನ್ನವತ್ತಳೆಯನ್ನು ಫಲಕದಿಂದ ಕಿತ್ತೆ. ಗೋಂದು ಜಾಸ್ತಿ ಹಾಕಿದ್ದೆ, "ಮಹಾಯೋಗಿ" ಎಂಬ ಮಾತು ಬಿಡಲೇ ಇಲ್ಲ, ಉಗುರಿನಿಂದ ಕೆರೆದೆ. ಆಮೆಯವರ ಎದುರು ನಿಂತು ಕ್ಷಮಿಸಿ ಎಂದೆ. ಜೀವಮಾನದಲ್ಲಿ ಮೊದಲ ಸಲ ಒಬ್ಬರಿಗೆ ತಮಾಷೆಯಿಲ್ಲದೆ ಹೇಳಿದ್ದು.

"ಬಿಡಮ್ಮ," ಎಂದರು. "ಎರಡು ದಿನ ನನ್ನ ಮೇಲೇ ಇರಲಿ, ಅಷ್ಟರಲ್ಲಿ ನಿನ್ನ ಸಿಟ್ಟು ಇಳಿಯುತ್ತೆ ಅಂದ್ಕೊಂಡಿದ್ದೆ. ಇಳಿಯೋ ಥರ ಕಾಣಲಿಲ್ಲ."

ಹಾಳೆ ಹಿಡಿದು ನೇರ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟೆ. ಸಾಕ್ಷಿಯ ಜಾಗದಲ್ಲಿ ಅವರದೇ ಸಹಿ ಇತ್ತು, ಬಾಲ ಬಿಟ್ಟ ಸಹಿ.

"ಸಾರ್, ಅವತ್ತು ಹೊಲಿಗೆ ಕೋಣೆಗೆ ಬೀಗ. ಡಬ್ಬಿ ಎಲ್ಲಿಟ್ರು?"

ಮೀಸೆ ಸ್ವಲ್ಪ ಹೊತ್ತು ಅಲುಗಾಡಿತು. "ಇಲ್ಲೇ, ಈ ಬೀರು ಮೇಲೆ. ಐದೂ. ನಿಮ್ಮೋರೇ ಇಟ್ಟದ್ದಮ್ಮ, ನಾನಲ್ಲ. ಏನೋ ಫೋನ್ ಬಂತು, ಆ ಮನುಷ್ಯ ನಿಂತಲ್ಲಿ ನಿಲ್ಲಲಿಲ್ಲ. ಹಾಗೇ ಮಾಡಬಹುದಾ ಅಂತ ನಾನೇ ಕೇಳಿದೆ. ಕಟ್ಟಡ ಒಂದೇ, ಗಾಳಿ ಒಂದೇ ಬಿಡಿ ಸಾರ್ ಅಂದ್ರು."

"ನೀವು ಒಪ್ಪಿದ್ರಿ."

"ತಿಳಿದವರು ಹೇಳಿದ ಮೇಲೆ!"

"ಗೊತ್ತಿದ್ದೂ ಟೀಚರ್ ಮೇಲೆ ಹಾಕಿದ್ರಿ. ಈ ಬೀರು ಮೇಲೆ ಇಟ್ಟದ್ದನ್ನ ಕಣ್ಣಾರೆ ನೋಡಿ, ಅದೇ ಬೀರುವಿಂದ ಆ ವರದಿ ತೆಗೆದು ನನಗೆ ತೋರಿಸಿದ್ರಿ!"

ನಾನು ಕಿರುಚಿದೆನಂತೆ. ಪಕ್ಕದ ತರಗತಿಯ ಪಾಠ ನಿಂತಿತಂತೆ. ಇಡೀ ಶಾಲೆಗೆ ಕೇಳಲಿ ಎಂದೇ ಇನ್ನೂ ಎರಡು ಮಾತು ಜೋರಾಗಿ ಹೇಳಿದೆ, ಅವನ್ನು ಇಲ್ಲಿ ಬರೆದರೆ ಅತ್ತೆ ಓದುತ್ತಾರೆ. ಕೊನೆಗೆ ಅವರು ಮಂಡಳಿಗೆ ಬರೆದದ್ದನ್ನು ಹಿಂದಕ್ಕೆ ಪಡೆಯುವುದಾಗಿ ಒಂದು ಹಾಳೆಯಲ್ಲಿ ಬರೆದರು. ನಾನು ಎದುರೇ ನಿಂತು ಬರೆಸಿದೆ, ಎರಡು ಕಾಗುಣಿತದ ತಪ್ಪು ತಿದ್ದಿಸಿದೆ.

ವರದಿ ಬರೆಯುವಾಗ ನಮ್ಮ ಸಾಹೇಬರು ನನ್ನನ್ನು ಕರೆದು ಬಾಗಿಲು ಹಾಕಿದರು. "ಹೆಸರು ಹಾಕಲೇಬೇಕೇನಮ್ಮ? 'ಹಿಂದಿನ ಪರೀಕ್ಷೆ ಸಮರ್ಪಕವಾಗಿರಲಿಲ್ಲ' ಅಂದ್ರೆ ಸಾಲ್ದಾ? ನೀನೂ ಸ್ವಲ್ಪ ಯೋಚನೆ ಮಾಡು." ಯೋಚಿಸಿದೆ. ಸಮರ್ಪಕವಾಗಿರಲಿಲ್ಲ ಎಂದರೆ ಯಾರದೂ ತಪ್ಪಲ್ಲ ಎಂದಾಗುತ್ತದೆ, ಯಾರದೂ ತಪ್ಪಲ್ಲವೆಂದರೆ ಮಂಡಳಿಯವರಿಗೆ ಮತ್ತೆ ಆ ಚಿಂದಿ ಬಟ್ಟೆಯೇ ನೆನಪಾಗುತ್ತದೆ. ಯಾರು, ಯಾವ ದಿನ, ಎಲ್ಲಿ ಇಟ್ಟರು, ಏನು ಬರೆದರು, ಎಲ್ಲವನ್ನೂ ಬರೆದೆ. ಅದೇ ಪರೀಕ್ಷಕರು ಆಗ ಮಾಡಿದ ಉಳಿದ ಹದಿನೆಂಟು ಪರೀಕ್ಷೆಗಳನ್ನೂ ಮತ್ತೆ ಮಾಡಬೇಕೆಂದು ಬರೆದೆ. ಮನೆಗಳು, ಒಂದು ಮುದ್ರಣಾಲಯ, ಇನ್ನೆರಡು ಶಾಲೆ. ಸೋಮವಾರದಿಂದ ಶುರು. ಆಮೆಯವರು ಜೊತೆಗೆ ಬರುತ್ತಾರೆ.

ಯಂತ್ರಗಳು ಮೊದಲ ಮಹಡಿಗೆ ಬಂದಿವೆ. ನೆಲಮಾಳಿಗೆಯ ನೆಲ ಕೊರೆದು ಕೊಳವೆ ಇಳಿಸಿ, ಅನಿಲವನ್ನು ಹೊರಗೆಳೆಯುವ ಫ್ಯಾನು ಕೂರಿಸುವ ಕೆಲಸ ನಡೆದಿದೆ. ಹೊಲಿಗೆ ಟೀಚರಿಗೆ ಹೊಸ ಕೋಣೆ ಒಗ್ಗಿಲ್ಲ. "ಇಷ್ಟು ಬೆಳಕಾದ್ರೆ ಹೇಗಮ್ಮ? ನನ್ನ ಹೊಲಿಗೆ ತಪ್ಪೆಲ್ಲ ಮಕ್ಕಳಿಗೆ ಕಾಣ್ತವೆ," ಎನ್ನುತ್ತಾರೆ. ಮುಂದಿನ ಮಂಗಳವಾರ ಅವರಿಗೆ ಆಪರೇಷನ್. ಗಂಟು ಹರಡಿದೆಯೋ ಇಲ್ಲವೋ ತೆರೆದು ನೋಡಿದ ಮೇಲೆ ಹೇಳುತ್ತಾರಂತೆ.

ಹಳೆಯ ವರದಿ ಸುಳ್ಳು, ಕಿಂಡಿ ಮುಚ್ಚಿದ್ದಕ್ಕೆ ಹೀಗಾದದ್ದಲ್ಲ, ನೆಲವೇ ಹಾಗಿತ್ತು ಎಂದು ಅವರಿಗೆ ಹಾಳೆ ತೋರಿಸಿ ಹೇಳಿದೆ. ಬಾಯಿಂದ ಪಿನ್ನುಗಳನ್ನು ಒಂದೊಂದೇ ತೆಗೆದು ಮೆತ್ತೆಗೆ ಚುಚ್ಚಿದರು. "ಹಾಗಾದ್ರೆ ಮಕ್ಕಳಿಗೆ ನಾನೇನೂ ಮಾಡಲಿಲ್ಲ," ಎಂದರು. ಆಮೇಲೆ, "ಈತ ಬದುಕಿದಾನಾ?" ಎಂದು ಕೇಳಿದರು. ಇದ್ದಾರೆ ಎಂದೆ. "ಹೇಳು ಅವನಿಗೆ," ಎಂದರು. ಏನು ಹೇಳಲಿ ಎಂದು ಕೇಳಿದೆ. ಅವರು ಮತ್ತೆ ಹೊಲಿಯತೊಡಗಿದರು. ಅಷ್ಟನ್ನೇ ನಿಮಗೆ ತಲುಪಿಸಿದ್ದೇನೆ.

ಅತ್ತೆಯ ಕಣ್ಣು ತಣ್ಣಗಿರಲಿ. ನಿಮ್ಮ ಮೊಣಕಾಲು ವಾಸಿಯಾಗಲಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ, ಹಾಗೆ ಬರೆಯಲು ಆಗುತ್ತಿರುವುದಕ್ಕೂ ಸಿಟ್ಟು ಬರುತ್ತಿದೆ.

ನಿಮ್ಮ ಅಕ್ಕನ ಮಗಳು

ಮರೆತದ್ದು: ಹಾಳೆಯ ಕೆಳಗಿದ್ದದ್ದು ನಿಮ್ಮ ಸಹಿ. ನಿಮಗೆ ಗೊತ್ತು, ನನ್ನ ಮೊದಲ ಕಾಗದ ಓದಿದಾಗಲೇ ಗೊತ್ತಿತ್ತು. ಐದು ಕೋಣೆಯಲ್ಲಿ ಡಬ್ಬಿ ಇಟ್ಟ ಸಮಯ ಮೂರೂವರೆಯಿಂದ ನಾಲ್ಕೂಕಾಲು ಎಂದು ನಿಮ್ಮ ದುಂಡು ಅಕ್ಷರದಲ್ಲಿದೆ. ಆ ಹೊತ್ತಿನಲ್ಲಿ ನೀವು ಎಲ್ಲಿದ್ದಿರಿ ಎಂದು ಈ ಲೋಕದಲ್ಲಿ ನನಗೊಬ್ಬಳಿಗೆ ಗೊತ್ತು. ನನ್ನ ಶಾಲೆಯ ಗೇಟಿಗೆ "ಶಾಲೆ ಮಾರಾಟಕ್ಕಿದೆ, ಮೇಷ್ಟ್ರುಗಳು ಉಚಿತ" ಎಂದು ನಾನು ಬೋರ್ಡು ತೂಗುಹಾಕಿದ ದಿನ ಅದು. ನಾಲ್ಕರೊಳಗೆ ಮನೆಯವರು ಬರದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದರು. ಅಮ್ಮನಿಗೆ ಹೇಳುವ ಧೈರ್ಯವಿಲ್ಲದೆ ನಿಮಗೆ ಫೋನ್ ಮಾಡಿದೆ. ನೀವು ಹತ್ತು ನಿಮಿಷ ಮುಂಚೆಯೇ ಬಂದಿರಿ, ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಹಾಕಿಕೊಂಡು, ಬೆವರಿಕೊಂಡು. ಪ್ರಿನ್ಸಿಪಾಲರನ್ನೇ ನಗಿಸಿ ಮೂರು ದಿನದ ಅಮಾನತಿಗೆ ಇಳಿಸಿದಿರಿ. ದಾರಿಯುದ್ದಕ್ಕೂ ನಾವಿಬ್ಬರೂ ನಕ್ಕೆವು. ಇಷ್ಟು ವರ್ಷ, ನನ್ನ ಬದುಕಿನ ಅತಿ ಸುಖದ ದಿನ ಯಾವುದು ಎಂದರೆ ಅದನ್ನೇ ಹೇಳುತ್ತಿದ್ದೆ.

ಆ ಫೋನಿನ ಪಾಪ ನನ್ನದು, ಅದನ್ನು ನಾನು ಹೊರುತ್ತೇನೆ. ಆದರೆ ಡಬ್ಬಿಗಳು ನಾಲ್ಕು ದಿನ ಆ ಬೀರುವಿನ ಮೇಲಿದ್ದವು. ಮರುದಿನ ಹೋಗಿ ನಾಲ್ಕನ್ನು ಸರಿಯಾಗಿ ಇಡಬಹುದಿತ್ತು, ಐದನೆಯದಕ್ಕೆ ಬೀಗ, ಅಂಕಿಯಿಲ್ಲ ಎಂದು ಬರೆಯಬಹುದಿತ್ತಲ್ಲ ಮಾವ. ಮರುದಿನ ನಾನು ಮನೆಯಲ್ಲಿ ಸುಮ್ಮನೆ ಕೂತಿದ್ದೆ, ಏನೂ ಮಾಡಿರಲಿಲ್ಲ.